ಬಿಟ್ಟು ಬರಲಾಗದ ಹಡಗು

ಹಡಗಿನಿಂದ ಮೈಸೂರಿಗೆ ಮರಳಿದ ಹೊಸದರಲ್ಲಿ ಅಗ್ರಹಾರದ ಹೋಟೆಲಿನಲ್ಲಿ, ಮದುವೆ ಮನೆಗಳಲ್ಲಿ, ಕೆ.ಆರ್. ಆಸ್ಪತ್ರೆಯ ಸಾಲಿನಲ್ಲಿ ಕೂಡ ಜನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಸಂಬಳ ಕೊಡ್ತಿರ್ಲಿಲ್ಲ ಅಂದ್ಮೇಲೆ ಬಿಟ್ಟು ಬಂದ್ಬುಡ್ಬೋದಿತ್ತಲ್ಲಪ್ಪ?" ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಹೆಬ್ಬಾಳದ ಕಾರ್ಖಾನೆಯಲ್ಲಿ ಸಂಬಳ ನಿಂತರೆ ಗೇಟಿನಿಂದ ಆಚೆ ನಡೆದು ಬಸ್ಸು ಹತ್ತಬಹುದು. ಹಡಗಿನಿಂದ ಹಾಗೆ ನಡೆಯಲು ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ನಿಂತ ನಿಲುವಿನಲ್ಲಿ ಹೇಳಲು ಆಗುತ್ತಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ನಮ್ಮ ತಂದೆ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ನಾನು ಐಟಿಐ ಫಿಟ್ಟರ್ ಮುಗಿಸಿ, ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸ್ ಮಾಡಿ, ನಾವಿಕರ ಗುರುತಿನ ಸಿಡಿಸಿ ಪುಸ್ತಕ ತೆಗೆದುಕೊಂಡು ಹಡಗಿನ ಇಂಜಿನ್ ರೂಮಿಗೆ ಸೇರಿದೆ. ಮೊದಲು ಆಯಿಲರ್, ಆಮೇಲೆ ಮೋಟರ್‌ಮನ್. ಮೈಸೂರಿನವನಿಗೆ ಕಡಲೆಲ್ಲಿಂದ ಬಂತು ಎಂದು ಅಚ್ಚರಿಪಡುವವರಿದ್ದಾರೆ. ನಮ್ಮ ನೌಕಾಪಡೆಯಲ್ಲಿ ಎರಡು ಯುದ್ಧನೌಕೆಗಳಿಗೆ ಈ ಊರಿನ ಹೆಸರಿಟ್ಟಿದ್ದಾರೆ. ಮೊದಲನೆಯ ಐಎನ್ಎಸ್ ಮೈಸೂರು ಬ್ರಿಟನ್ನಿನಿಂದ ಕೊಂಡ ಕ್ರೂಸರ್, 1957ರಲ್ಲಿ ಸೇವೆಗೆ ಬಂತು. ಈಗಿರುವ ವಿಧ್ವಂಸಕ ನೌಕೆ ಸೇರಿದ್ದು 1999ರಲ್ಲಿ. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡವಿದೆ. ಶಾಲೆಯ ದಿನಗಳಲ್ಲಿ ಪತ್ರಿಕೆಯಲ್ಲಿ ಬಂದ ಆ ಚಿತ್ರವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದೆ.

ಯುದ್ಧನೌಕೆಯ ಚಿತ್ರ ಎಲ್ಲರೂ ನೋಡುತ್ತಾರೆ. ಅದಕ್ಕೆ ಡೀಸೆಲ್, ಕುಡಿಯುವ ನೀರು, ಅಕ್ಕಿ, ಮಾಂಸ, ಬಿಡಿಭಾಗ ತಂದು ಕೊಡುವ ಹಡಗು ಯಾರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡ ನೌಕಾಪಡೆಗಳು ಇದಕ್ಕೆ ತಮ್ಮದೇ ಹಡಗು ಇಟ್ಟುಕೊಂಡಿರುತ್ತವೆ. ನಮ್ಮ ದೇಶಕ್ಕೆ ಐಎನ್ಎಸ್ ದೀಪಕ್, ಐಎನ್ಎಸ್ ಶಕ್ತಿ ಎಂಬ ಟ್ಯಾಂಕರುಗಳು 2011ರಲ್ಲಿ ಇಟಲಿಯಿಂದ ಬಂದವು. ಇನ್ನೂ ಐದು ಬೆಂಬಲ ಹಡಗುಗಳಿಗೆ 2023ರ ಆಗಸ್ಟಿನಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ಜೊತೆ ಸುಮಾರು 19,000 ಕೋಟಿ ರೂಪಾಯಿಯ ಒಪ್ಪಂದವಾಗಿದೆ. ಆದರೆ ಬಂದರಿನ ಆಸುಪಾಸಿನ ಸಣ್ಣ ಕೆಲಸಗಳು, ಅಂದರೆ ಲಂಗರು ಹಾಕಿ ನಿಂತ ನೌಕೆಗೆ ನೀರು ಕೊಡುವುದು, ಕಸ ತರುವುದು, ಇಂಧನ ತುಂಬುವುದು, ಪ್ರಪಂಚದ ಬಹಳ ಕಡೆ ಗುತ್ತಿಗೆಗೆ ಹೋಗುತ್ತವೆ. ನನ್ನ ಹಡಗು ಅಂಥದ್ದು. ಹಳೆಯದು, ಚಿಕ್ಕದು. ಯಾವುದೋ ಪುಟ್ಟ ದ್ವೀಪ ದೇಶದ ಧ್ವಜ. ಕೊಲ್ಲಿಯ ಬಂದರೊಂದರಿಂದ ಹೊರಟು, ಹೊರಗೆ ನಿಂತ ವಿದೇಶಿ ಯುದ್ಧನೌಕೆಗಳಿಗೆ ನೀರು ಮತ್ತು ಡೀಸೆಲ್ ತಲುಪಿಸಿ ಮರಳುವುದು ಕೆಲಸ.

ಮೊದಲ ತಿಂಗಳುಗಳು ಚೆನ್ನಾಗಿಯೇ ಇದ್ದವು. ಲೈಸೆನ್ಸ್ ಇದ್ದ ಏಜೆಂಟರ ಮೂಲಕ ಹೋಗಿದ್ದೆ, ಒಪ್ಪಂದ ಪತ್ರದಲ್ಲಿ ಸಂಬಳ, ಅವಧಿ, ಊರಿಗೆ ಮರಳುವ ಟಿಕೆಟ್ ಎಲ್ಲ ಬರೆದಿತ್ತು. ಅಲಾಟ್‌ಮೆಂಟ್, ಅಂದರೆ ಸಂಬಳದಲ್ಲಿ ಮನೆಗೆ ಕಳಿಸುವ ಪಾಲು, ತಿಂಗಳು ತಿಂಗಳು ಹೆಂಡತಿಯ ಖಾತೆಗೆ ಬೀಳುತ್ತಿತ್ತು. ಬೂದು ಬಣ್ಣದ ಆ ಎತ್ತರದ ನೌಕೆಗಳ ಪಕ್ಕಕ್ಕೆ ಹೋಗಿ ಹೋಸ್ ಕಟ್ಟುವಾಗ ಮೇಲಿನ ಡೆಕ್ಕಿನಿಂದ ಹುಡುಗರು ಕೈ ಬೀಸುತ್ತಿದ್ದರು. ಅವರೂ ನಮ್ಮ ವಯಸ್ಸಿನವರೇ. ನಾವು ಕೊಟ್ಟ ನೀರಲ್ಲಿ ಅವರು ಸ್ನಾನ ಮಾಡುತ್ತಾರೆ ಎಂದು ಡೆಕ್ಕಿನ ಕೆಲಸಗಾರರ ಮುಖ್ಯಸ್ಥ ಬೋಸನ್ ಹೆಮ್ಮೆಯಿಂದ ಹೇಳುತ್ತಿದ್ದರು. ರತ್ನಗಿರಿಯ ಕಡೆಯವರು, ಮೂರು ತಲೆಮಾರಿನಿಂದ ಹಡಗಿನವರು.

ಆ ನೌಕೆಗೂ ನಮಗೂ ನಡುವೆ ಎಷ್ಟು ಕೈಗಳಿದ್ದವು ಎಂದು ನನಗೆ ಗೊತ್ತಾಗಿದ್ದು ಎಲ್ಲ ಕೆಟ್ಟ ಮೇಲೆ. ನೌಕಾಪಡೆ ಗುತ್ತಿಗೆ ಕೊಟ್ಟಿದ್ದು ಒಂದು ದೊಡ್ಡ ಸರಬರಾಜು ಕಂಪನಿಗೆ. ಅವರು ಕೊಟ್ಟಿದ್ದು ಒಬ್ಬ ಉಪಗುತ್ತಿಗೆದಾರನಿಗೆ. ಅವನು ಹಡಗನ್ನು ಬಾಡಿಗೆಗೆ ಹಿಡಿದಿದ್ದು ಮಾಲೀಕನಿಂದ. ಮಾಲೀಕ ಹಡಗು ನಡೆಸಲು ಇಟ್ಟಿದ್ದು ಒಂದು ಮ್ಯಾನೇಜ್‌ಮೆಂಟ್ ಕಚೇರಿಯನ್ನು. ಅವರು ಜನ ಕೇಳಿದ್ದು ಏಜೆಂಟರನ್ನು. ಏಜೆಂಟರು ಕರೆದಿದ್ದು ನನ್ನನ್ನು. ಮೇಲಿನ ಗುತ್ತಿಗೆಯ ಅವಧಿ ಮುಗಿದು ಮರು ಟೆಂಡರ್ ಆದಾಗ ಇನ್ಯಾರೋ ಕಡಿಮೆ ದರ ಹಾಕಿ ಗೆದ್ದರು. ಒಂದೇ ವಾರದಲ್ಲಿ ನಮ್ಮ ಗೇಟ್ ಪಾಸ್‌ಗಳನ್ನು ವಾಪಸ್ ತೆಗೆದುಕೊಂಡರು. ಹಡಗನ್ನು ಬಂದರಿನಿಂದ ಹೊರಗೆ ಲಂಗರಿನ ಜಾಗಕ್ಕೆ ಒಯ್ದು ನಿಲ್ಲಿಸಲು ಹೇಳಿದರು, ಬಂದರಿನೊಳಗೆ ನಿಂತರೆ ದಿನಬಾಡಿಗೆ ಕಟ್ಟಬೇಕಲ್ಲ. ಅಲ್ಲಿ ನಿಂತಿರುವಾಗಲೇ ಮಾಲೀಕ ಹಡಗನ್ನು ಮಾರಿದ. ಹೊಸ ಮಾಲೀಕನನ್ನು ನಾವು ಯಾರೂ ನೋಡಲಿಲ್ಲ. ಕ್ಯಾಪ್ಟನ್ ಫೋನಿನಲ್ಲಿ ಒಂದು ದನಿ ಕೇಳಿದ್ದರು, ಅಷ್ಟೆ. ಇದು 2018ರ ಬೇಸಿಗೆ.

ಈಗ ಆ ಪ್ರಶ್ನೆಗೆ ಬರುತ್ತೇನೆ. ಪ್ರತಿ ಹಡಗಿಗೂ ಅದರ ಧ್ವಜದ ದೇಶ ಕೊಟ್ಟ ಒಂದು ಪತ್ರವಿರುತ್ತದೆ, ಸೇಫ್ ಮ್ಯಾನಿಂಗ್ ಎನ್ನುತ್ತಾರೆ. ಕನಿಷ್ಠ ಇಷ್ಟು ಜನ, ಇಂತಿಂಥ ಅರ್ಹತೆಯವರು ಹಡಗಿನಲ್ಲಿರಲೇಬೇಕು ಎಂದು ಅದರಲ್ಲಿರುತ್ತದೆ. ಲಂಗರು ಹಾಕಿದ ಹಡಗೂ ಸುಮ್ಮನೆ ನಿಂತಿರುವುದಿಲ್ಲ. ರಾತ್ರಿ ದೀಪ ಉರಿಯಬೇಕು, ರೇಡಿಯೋಗೆ ಉತ್ತರ ಕೊಡಬೇಕು, ತಳದಲ್ಲಿ ಸೇರುವ ಬಿಲ್ಜ್ ನೀರನ್ನು ತೆಗೆಯುತ್ತಿರಬೇಕು, ಗಾಳಿ ಎದ್ದಾಗ ಲಂಗರು ಜಾರದಂತೆ ನೋಡಬೇಕು. ಜನವಿಲ್ಲದ ಹಡಗು ಪಕ್ಕದ ಹಡಗುಗಳಿಗೆ ಅಪಾಯ. ಹಾಗಾಗಿ ಒಬ್ಬನನ್ನು ಇಳಿಸಬೇಕಾದರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ತನ್ನಿ ಎನ್ನುತ್ತದೆ ಬಂದರು. ಆ ಇನ್ನೊಬ್ಬನ ಟಿಕೆಟ್, ವೀಸಾ ಮಾಲೀಕ ಕೊಡಬೇಕು. ಸಂಬಳವನ್ನೇ ಕೊಡದವನು ಅದನ್ನೆಲ್ಲಿ ಕೊಡುತ್ತಾನೆ? ನಮ್ಮ ಪಾಸ್‌ಪೋರ್ಟ್‌ಗಳು ದಡದ ಏಜೆಂಟನ ಕಚೇರಿಯಲ್ಲಿದ್ದವು. ಶೋರ್ ಪಾಸ್ ಇಲ್ಲದೆ ನೆಲದ ಮೇಲೆ ಕಾಲಿಟ್ಟರೆ ಬಂಧನ. ಈಜಿ ಹೋದರೂ, ಹೋದ ಕ್ಷಣದಿಂದ ಬಾಕಿ ಸಂಬಳದ ಹಕ್ಕು ದುರ್ಬಲವಾಗುತ್ತದೆ. ಕೆಲಸ ಬಿಟ್ಟು ಓಡಿದವನು ಎಂದು ದಾಖಲೆಯಾದರೆ ಮುಂದೆ ಯಾವ ಹಡಗೂ ಸೇರಿಸಿಕೊಳ್ಳುವುದಿಲ್ಲ.

ದಡ ದೂರವಿರಲಿಲ್ಲ. ರಾತ್ರಿ ರಸ್ತೆಯ ಮೇಲೆ ಕಾರುಗಳ ದೀಪ ಸಾಲಾಗಿ ಹೋಗುವುದು ಕಾಣುತ್ತಿತ್ತು.

ಸಮುದ್ರ ಕಾರ್ಮಿಕರ ಅಂತರರಾಷ್ಟ್ರೀಯ ಒಡಂಬಡಿಕೆ ಒಂದಿದೆ, ಎಂಎಲ್‌ಸಿ 2006. ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿತು. 2017ರ ಜನವರಿಯಿಂದ ಅದರಲ್ಲಿ ಹೊಸ ನಿಯಮ ಬಂತು. ಎರಡು ತಿಂಗಳಾದರೂ ಸಂಬಳ ಕೊಡದ ಮಾಲೀಕ ನಾವಿಕರನ್ನು ಕೈಬಿಟ್ಟಂತೆ, ಆಗ ವಿಮೆಯವರು ಮುಂದೆ ಬಂದು ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊಟ, ನೀರು, ಊರಿನ ಟಿಕೆಟ್ ಕೊಡಬೇಕು. ಒಳ್ಳೆಯ ನಿಯಮ. ನಮ್ಮ ಮಾಲೀಕನಿಗೂ ಅದು ಚೆನ್ನಾಗಿ ಗೊತ್ತಿತ್ತು. ಎರಡು ತಿಂಗಳು ತುಂಬುವ ಹೊತ್ತಿಗೆ ಸರಿಯಾಗಿ ಒಂದು ದೋಣಿ ಬರುತ್ತಿತ್ತು. ಕೆಲವು ಮೂಟೆ ಅಕ್ಕಿ, ಈರುಳ್ಳಿ, ಕೋಳಿ, ಜೊತೆಗೆ ಒಂದಿಷ್ಟು ನಗದು. ಉಳಿದದ್ದು ಮುಂದಿನ ವಾರ ಎಂಬ ಸಂದೇಶ. ದೂರು ಕೊಟ್ಟಾಗಲೆಲ್ಲ ಅವನು ರಸೀದಿ ತೋರಿಸಿ, ನಾನು ಕೈಬಿಟ್ಟಿಲ್ಲ, ಪಾವತಿ ಮಾಡುತ್ತಲೇ ಇದ್ದೇನೆ ಎಂದ. ಹೀಗೆ ನಮ್ಮನ್ನು ಸಾಯಲೂ ಬಿಡದೆ ಇಳಿಯಲೂ ಬಿಡದೆ ಹಿಡಿದಿಟ್ಟ. ನನಗೆ ಇಂದಿಗೂ ಎಲ್ಲಕ್ಕಿಂತ ಹೆಚ್ಚು ಉರಿಯುವುದು ಇದೇ. ನಮ್ಮ ರಕ್ಷಣೆಗೆ ಬರೆದ ಸಾಲನ್ನು ಎದುರಿಗಿಟ್ಟುಕೊಂಡೇ ಅವನು ನಮ್ಮ ಹೊಟ್ಟೆಯ ಲೆಕ್ಕ ಹಾಕಿದ.

ಜುಲೈ, ಆಗಸ್ಟಿನ ಕೊಲ್ಲಿಯನ್ನು ಮೈಸೂರಿನವರಿಗೆ ವಿವರಿಸುವುದು ಕಷ್ಟ. ಕಬ್ಬಿಣದ ಡೆಕ್ಕಿನ ಮೇಲೆ ಹಗಲು ಚಪ್ಪಲಿ ಇಲ್ಲದೆ ನಿಲ್ಲಲಾಗದು. ಡೀಸೆಲ್ ಉಳಿಸಲು ಜನರೇಟರನ್ನು ಸಂಜೆ ಸ್ವಲ್ಪ ಹೊತ್ತು ಮಾತ್ರ ಓಡಿಸುತ್ತಿದ್ದೆವು. ಅಷ್ಟರಲ್ಲೇ ಬಿಲ್ಜ್ ಪಂಪ್, ಅಡುಗೆ, ಫೋನ್ ಚಾರ್ಜ್ ಎಲ್ಲ ಆಗಬೇಕು. ಎಸಿ ಇಲ್ಲದ ಕ್ಯಾಬಿನ್ ಬಿಟ್ಟು ಎಲ್ಲರೂ ಡೆಕ್ಕಿನ ಮೇಲೆ ಟಾರ್ಪಾಲಿನ ಕೆಳಗೆ ಮಲಗಿದೆವು. ಕುಡಿಯಲು ಸರಕಿನ ಟ್ಯಾಂಕಿನ ತಳದಲ್ಲಿ ಉಳಿದಿದ್ದ ನೀರು. ನೌಕೆಗಳಿಗೆ ಟನ್ನುಗಟ್ಟಲೆ ಕೊಟ್ಟಿದ್ದ ನೀರಿನ ಕೊನೆಯ ಪಾಲು, ತುಕ್ಕಿನ ಬಣ್ಣ ಬಂದಿತ್ತು. ಬಟ್ಟೆಯಲ್ಲಿ ಸೋಸಿ ಕುದಿಸಿ ಕುಡಿದೆವು. ತೂತ್ತುಕುಡಿಯ ಅಡುಗೆಯವರು ಮೀನು ಹಿಡಿದು ಒಣಗಿಸಿಡುತ್ತಿದ್ದರು. ನಾನು ಮೀನು ತಿನ್ನದ ಮನೆಯಿಂದ ಬಂದವನು. ತಿಂದೆ.

ಇಂಜಿನ್ ರೂಮಿನ ಕೆಲಸ ನನ್ನ ತಲೆ ಕೆಡದಂತೆ ಕಾಪಾಡಿತು. ಡೀಸೆಲ್ ಟ್ಯಾಂಕುಗಳ ತಳದಲ್ಲಿ ಪಂಪಿಗೆ ಸಿಗದೆ ಉಳಿದದ್ದನ್ನು ಬಕೆಟ್ಟಿನಲ್ಲಿ ಎತ್ತಿ ಡ್ರಮ್ಮಿಗೆ ಸುರಿದು, ಒಂದೆರಡು ದಿನ ತಿಳಿಯಾಗಲು ಬಿಟ್ಟು, ಕೆಳಗೆ ಕೂತ ನೀರನ್ನು ಹರಿಯಬಿಟ್ಟು, ಮೇಲಿನದನ್ನು ಸೋಸಿ ಜನರೇಟರಿಗೆ ಹಾಕುತ್ತಿದ್ದೆವು. ಚೀಫ್ ಇಂಜಿನಿಯರ್ ಕೇರಳದವರು, ವಯಸ್ಸಾದವರು, ಸಕ್ಕರೆ ಕಾಯಿಲೆ ಇತ್ತು. ನಾವು ಅವರನ್ನು ಸಾಬ್ ಎನ್ನುತ್ತಿದ್ದೆವು, ಅವರು ನನ್ನನ್ನು ಮೈಸೂರು ಎಂದೇ ಕರೆಯುತ್ತಿದ್ದರು. ಅವರ ಒಂದು ನಿಯಮವನ್ನು ಯಾರೂ ಮುರಿಯುವಂತಿರಲಿಲ್ಲ. ಮುಖ್ಯ ಇಂಜಿನ್ ಶುರು ಮಾಡಲು ಬೇಕಾದ ಒತ್ತಡದ ಗಾಳಿ ತುಂಬಿದ ಒಂದು ಸಿಲಿಂಡರ್, ಒಂದು ಟ್ಯಾಂಕಿನಲ್ಲಿ ಕೆಲವು ಗಂಟೆಗಳಿಗಾಗುವಷ್ಟು ಒಳ್ಳೆಯ ಡೀಸೆಲ್. ಎರಡಕ್ಕೂ ಕೈ ಹಚ್ಚಬಾರದು. "ಮೈಸೂರು, ಇದು ಸಂಬಳಕ್ಕಲ್ಲ, ಜೀವಕ್ಕೆ," ಎಂದಿದ್ದರು.

ಅವರು ಇನ್ನೊಂದು ಸಲವೂ ನಮ್ಮನ್ನು ಉಳಿಸಿದರು. ಒಂದು ದಿನ ದಡದಿಂದ ಒಂದು ಕಾಗದ ಬಂತು. ಮಾಲೀಕನಿಗೆ ಸಾಲ ಕೊಟ್ಟ ಯಾರೋ ಹಡಗಿನ ಮೇಲೆ ಕೋರ್ಟಿಗೆ ಹೋಗಿದ್ದಾರೆ, ಸಿಬ್ಬಂದಿಯಲ್ಲಿ ಒಬ್ಬರು ಹಡಗಿನ ಉಸ್ತುವಾರಿ ಎಂದು ಸಹಿ ಹಾಕಲಿ, ಬರೀ ಔಪಚಾರಿಕ ಎಂದರು. ಚೀಫ್ ಸಾಬ್ ಎದ್ದು ನಿಂತು, ಯಾರೂ ಪೆನ್ ಮುಟ್ಟಬೇಡಿ ಎಂದರು. ಅದರ ಅರ್ಥ ನನಗೆ ತಿಳಿದದ್ದು 2021ರಲ್ಲಿ, ಸಿರಿಯಾದ ನಾವಿಕ ಮೊಹಮ್ಮದ್ ಆಯಿಶಾ ಅವರ ಸುದ್ದಿ ಓದಿದಾಗ. ಈಜಿಪ್ಟಿನಲ್ಲಿ 2017ರಲ್ಲಿ ಎಂವಿ ಅಮಾನ್ ಹಡಗನ್ನು ತಡೆಹಿಡಿದಾಗ ಅವರು ಇಂಥದ್ದೇ ಕಾಗದಕ್ಕೆ ಸಹಿ ಹಾಕಿದ್ದರು. ಜೊತೆಯವರು ಒಬ್ಬೊಬ್ಬರಾಗಿ ಹೊರಟುಹೋದರು. ಕಾನೂನಿನ ಪ್ರಕಾರ ಹಡಗಿನ ಪಾಲಕರಾದ ಅವರು 2021ರ ಏಪ್ರಿಲ್‌ವರೆಗೆ, ಸುಮಾರು ನಾಲ್ಕು ವರ್ಷ, ಸಿಕ್ಕಿಹಾಕಿಕೊಂಡರು.

ಸೆಪ್ಟೆಂಬರಿನಲ್ಲಿ ಚೀಫ್ ಸಾಬ್ ಅವರ ಇನ್ಸುಲಿನ್ ಕೆಟ್ಟಿತು. ಫ್ರಿಜ್ ಇಡೀ ದಿನ ಓಡುತ್ತಿರಲಿಲ್ಲವಲ್ಲ. ಕಾಲಿನ ಗಾಯ ಮಾಗಲಿಲ್ಲ, ಜ್ವರದಲ್ಲಿ ಮಲಯಾಳದಲ್ಲಿ ಏನೇನೋ ಮಾತಾಡುತ್ತಿದ್ದರು. ಉಕ್ರೇನಿನ ಕ್ಯಾಪ್ಟನ್ ರೇಡಿಯೋದ ಮುಂದೆ ಕೂತು, ಬದಲಿ ಇಂಜಿನಿಯರ್ ಎಲ್ಲಿ ಎಂಬ ಪ್ರಶ್ನೆಗೆ ಮತ್ತೆ ಮತ್ತೆ ಒಂದೇ ಉತ್ತರ ಕೊಟ್ಟರು: ಮನುಷ್ಯ ಸಾಯುತ್ತಿದ್ದಾನೆ. ಕೊನೆಗೆ ಕರಾವಳಿ ಕಾವಲಿನ ದೋಣಿ ಬಂತು. ಅವರ ಜಾಗಕ್ಕೆ ಕಾಗದದ ಮೇಲೆ ಸೆಕೆಂಡ್ ಇಂಜಿನಿಯರ್ ಹೆಸರು ಬರೆದರು. ಸ್ಟ್ರೆಚರ್ ಇಳಿಸುವಾಗ ಅವರು ನನ್ನ ಕೈ ಹಿಡಿದು, ಗಾಳಿ ಸಿಲಿಂಡರ್, ಎಂದರು.

ಅತ್ತ ಮನೆಯಲ್ಲಿ ಅಲಾಟ್‌ಮೆಂಟ್ ನಿಂತು ಬಹಳ ಕಾಲವಾಗಿತ್ತು. ಹೆಂಡತಿ ಬಳೆ ಗಿರವಿ ಇಟ್ಟಳು. ಅಪ್ಪನ ಪೆನ್ಷನ್ನಿನಲ್ಲಿ ಮಗಳ ಫೀಜು ಹೋಯಿತು. ನನಗೆ ಗೊತ್ತಾಗಬಾರದೆಂದು ಅವರು ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದರು, ಅವರಿಗೆ ಗೊತ್ತಾಗಬಾರದೆಂದು ನಾನೂ ಹಾಗೇ ಎಂದೆ. ದಸರಾದ ದಿನ ಅಮ್ಮ ಫೋನ್ ಮಾಡಿ, "ಮಗಾ, ಜಂಬೂಸವಾರಿ ಹೊರಟಿತು, ತೋಪಿನ ಸದ್ದು ಕೇಳಿಸ್ತಾ?" ಎಂದು ಫೋನನ್ನು ಕಿಟಕಿಗೆ ಹಿಡಿದರು. ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿತು ಎಂದೆ.

ಊರಿಗೆ ಮರಳಿ ಇದನ್ನೆಲ್ಲ ಹೇಳಿದಾಗ ನನ್ನ ಮಾತು ಪೂರ್ತಿ ಅರ್ಥವಾದದ್ದು ನಮ್ಮ ಭಾವನಿಗೆ ಮಾತ್ರ. ಅವರದು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಎರಡು ಲೇಥ್‌ಗಳ ಸಣ್ಣ ಶೆಡ್. ಉಪಗುತ್ತಿಗೆಯ ಕೆಳಗಿನ ಉಪಗುತ್ತಿಗೆಯಲ್ಲಿ ಬಿಡಿಭಾಗ ಮಾಡಿಕೊಡುವವರು. ಮೇಲೆ ಸಹಿ ಬೀಳುವುದು ತಡವಾದರೆ ಕೆಳಗೆ ಏನಾಗುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ರಕ್ಷಣಾ ಖರೀದಿಯಲ್ಲಿ ಈ ಕಾಯುವಿಕೆ ಹಡಗಿಗಷ್ಟೇ ಅಂಟಿದ್ದಲ್ಲ. ವಾಯುಪಡೆಯ ತರಬೇತಿ ವಿಮಾನದ ಕಥೆ ನೋಡಿ. ಹೊಸ ಪೈಲಟ್‌ಗಳು ಮೊದಲು ಹಾರಾಟ ಕಲಿಯುತ್ತಿದ್ದ ಎಚ್‌ಪಿಟಿ-32 ವಿಮಾನಗಳನ್ನು ಸಾವುಗಳ ನಂತರ 2009ರಲ್ಲಿ ನೆಲಕ್ಕಿಳಿಸಿದರು. ಸ್ವಿಟ್ಜರ್ಲೆಂಡಿನಿಂದ 75 ಪಿಲಾಟಸ್ ವಿಮಾನ ತರಿಸುವ ಒಪ್ಪಂದವಾಗಿದ್ದು 2012ರಲ್ಲಿ. ನಡುವಿನ ವರ್ಷಗಳಲ್ಲಿ ಹುಡುಗರು ಮೊದಲ ಪಾಠವನ್ನೇ ಕಿರಣ್ ಜೆಟ್‌ನಲ್ಲಿ ಕಲಿಯಬೇಕಾಯಿತು. ನಮ್ಮದೇ ತರಬೇತಿ ವಿಮಾನ ಎಚ್‌ಟಿಟಿ-40 ಬೆಂಗಳೂರಿನಲ್ಲಿ ಮೊದಲು ಹಾರಿದ್ದು 2016ರ ಮೇ 31ರಂದು. 70 ವಿಮಾನಗಳಿಗೆ 6,800 ಕೋಟಿಗೂ ಹೆಚ್ಚಿನ ಒಪ್ಪಂದಕ್ಕೆ ಸಹಿ ಬಿದ್ದದ್ದು 2023ರ ಮಾರ್ಚಿನಲ್ಲಿ. ಆಮೇಲೆ ಅಮೆರಿಕದಿಂದ ಬರಬೇಕಾದ ಇಂಜಿನ್‌ಗಳು ತಡವಾದವು. ಇಂಥ ಒಂದೊಂದು ವರ್ಷ ತಡವಾದಾಗಲೂ ಎಲ್ಲೋ ಒಬ್ಬ ಕೆಡೆಟ್, ಎಲ್ಲೋ ಒಬ್ಬ ಲೇಥ್ ಆಪರೇಟರ್ ಕಾಯುತ್ತಿರುತ್ತಾನೆ. ಕಡತದಲ್ಲಿ ಅವರ ಹೆಸರಿರುವುದಿಲ್ಲ.

ಮತ್ತೆ ನನ್ನ ಹಡಗಿಗೆ ಬರುತ್ತೇನೆ. ಚಳಿಗಾಲದಲ್ಲಿ ಕೊಲ್ಲಿಯ ಮೇಲೆ ವಾಯವ್ಯದಿಂದ ಶಮಾಲ್ ಗಾಳಿ ಬೀಸುತ್ತದೆ. ಜನವರಿಯ ಒಂದು ರಾತ್ರಿ ಅದು ಎದ್ದಿತು. ಹಡಗು ಸರಪಳಿಯನ್ನು ಜಗ್ಗುವ ಸದ್ದು ಬದಲಾದಾಗಲೇ ಬೋಸನ್ ಎಲ್ಲರನ್ನೂ ಎಬ್ಬಿಸಿದರು. ಲಂಗರು ಜಾರುತ್ತಿತ್ತು. ಗಾಳಿಯ ದಿಕ್ಕಿನಲ್ಲಿ, ನಮ್ಮ ಹಿಂದೆ, ಒಂದು ತುಂಬಿದ ಟ್ಯಾಂಕರ್ ನಿಂತಿತ್ತು, ಅದರ ದೀಪಗಳು ದೊಡ್ಡದಾಗುತ್ತ ಬಂದವು. ನಾನೂ ಸೆಕೆಂಡ್ ಇಂಜಿನಿಯರೂ ಕೆಳಗೆ ಓಡಿದೆವು. ಜನರೇಟರ್ ಹೊತ್ತಿತು. ಲೂಬ್ ಆಯಿಲ್ ಪಂಪ್, ಕೂಲಿಂಗ್ ಪಂಪ್ ಹಾಕಿದೆವು. ಎಷ್ಟೋ ತಿಂಗಳಿಂದ ತಣ್ಣಗೆ ನಿಂತ ಇಂಜಿನ್, ವಾರಕ್ಕೊಮ್ಮೆ ಕೈಯಿಂದ ತಿರುಗಿಸಿಡುತ್ತಿದ್ದುದಷ್ಟೇ ನಮ್ಮ ಧೈರ್ಯ. ಸಿಲಿಂಡರಿನ ವಾಲ್ವ್ ತೆರೆದು ಗಾಳಿ ಬಿಟ್ಟೆವು. ಇಂಜಿನ್ ಎರಡು ಸುತ್ತು ತಿರುಗಿ ನಿಂತುಬಿಟ್ಟಿತು. ಗೇಜಿನ ಮುಳ್ಳು ಅರ್ಧಕ್ಕೆ ಇಳಿದಿತ್ತು. ಇನ್ನೊಂದೇ ಸಲಕ್ಕೆ ಸಾಕಾಗುವಷ್ಟು. ಸೆಕೆಂಡ್ ಇಂಜಿನಿಯರ್ ಇಂಧನದ ಪೈಪಿನಲ್ಲಿ ಸಿಕ್ಕ ಗಾಳಿಯನ್ನು ಇಂಜಿನ್ನಿನ ಒಂದೊಂದು ಸಿಲಿಂಡರಿಗೂ ನಟ್ ಸಡಿಲಿಸಿ ಹೊರಗೆ ಬಿಟ್ಟರು. ಅವರ ಕೈ ನಡುಗಲಿಲ್ಲ, ಟಾರ್ಚ್ ಹಿಡಿದ ನನ್ನ ಕೈ ನಡುಗುತ್ತಿತ್ತು. ಮತ್ತೆ ಗಾಳಿ ಬಿಟ್ಟೆವು. ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಹಿಡಿಯಿತು. ಆ ಸದ್ದಿಗೆ ನಾನು ಅತ್ತುಬಿಟ್ಟೆ. ಬೆಳಗಾಗುವವರೆಗೆ ಗಾಳಿಗೆ ಮುಖ ಕೊಟ್ಟು, ಮೆಲ್ಲಗೆ ಇಂಜಿನ್ ನಡೆಸಿ ಹಡಗನ್ನು ಹಿಡಿದುಕೊಂಡೆವು.

ಬೆಳಗ್ಗೆ ಡೀಸೆಲ್ ಮುಗಿಯಿತು. ದೀಪವಿಲ್ಲ, ರೇಡಿಯೋಗೆ ಬ್ಯಾಟರಿ ಮಾತ್ರ. ಕ್ಯಾಪ್ಟನ್ ಬಂದರಿಗೆ, ನಾವೀಗ ಸತ್ತ ಹಡಗು, ಇನ್ನೊಂದು ಗಾಳಿಗೆ ಯಾರ ಮೇಲೆ ಬೀಳುತ್ತೇವೋ ಗೊತ್ತಿಲ್ಲ ಎಂದು ತಿಳಿಸಿದರು. ಅಲ್ಲಿಯವರೆಗೆ ನಮ್ಮ ಹಸಿವು ನಮ್ಮದಾಗಿತ್ತು. ಟ್ಯಾಂಕರಿಗೆ ಅಪಾಯ ಎಂದಾದ ಮೇಲೆ ಎಲ್ಲ ಚುರುಕಾಯಿತು. ನಾವಿಕರ ಸೇವಾ ಸಂಸ್ಥೆಯ ದೋಣಿ ನೀರು, ಅಕ್ಕಿ, ಔಷಧಿ ತಂದಿತು. ಐಟಿಎಫ್ ಕಾರ್ಮಿಕ ಒಕ್ಕೂಟದ ಇನ್ಸ್‌ಪೆಕ್ಟರ್ ಫೋನಿನಲ್ಲಿ ಮೊದಲು ಕೇಳಿದ್ದು, ಮೆಸ್ ರೂಮಿನ ಬೋರ್ಡಿನ ಮೇಲೆ ವಿಮೆಯ ಸರ್ಟಿಫಿಕೇಟ್ ಇದೆಯಾ, ಫೋಟೊ ಕಳಿಸಿ ಎಂದು. ಎದುರಿಗೇ ಇತ್ತು. ಹಳೆಯ ಮಾಲೀಕನ ಕಾಲದ್ದು, ಅವಧಿ ಇನ್ನೂ ಮುಗಿದಿರಲಿಲ್ಲ. ಆ ಒಂದು ಹಾಳೆಯ ಮೇಲೆ ವಿಮೆಯವರು ಟಿಕೆಟ್ ಕೊಟ್ಟರು, ನಾಲ್ಕು ತಿಂಗಳ ಸಂಬಳ ಕೊಟ್ಟರು. ಹಡಗನ್ನು ನೋಡಿಕೊಳ್ಳಲು ಕೋರ್ಟು ಕಾವಲಿನವರನ್ನು ನೇಮಿಸಿತು. ಭಾರತೀಯ ದೂತಾವಾಸದವರು ಪಾಸ್‌ಪೋರ್ಟ್ ಬಿಡಿಸಿಕೊಟ್ಟರು.

ನಾಲ್ಕು ತಿಂಗಳಿನಾಚೆಯ ಸಂಬಳ ಇನ್ನೂ ಬಂದಿಲ್ಲ. ಹಡಗನ್ನು ಹರಾಜಿನಲ್ಲಿ ಗುಜರಿಗೆ ಮಾರಿದರು. ನಾವಿಕರ ಸಂಬಳಕ್ಕೆ ಸಾಲ ಕೊಟ್ಟವರಿಗಿಂತ ಮೊದಲ ಹಕ್ಕು ಎಂಬ ತತ್ವವನ್ನು ಕಡಲ ಕಾನೂನು ಬಹಳ ಕಡೆ ಒಪ್ಪುತ್ತದೆ. ನಮ್ಮಲ್ಲೂ 2017ರ ಅಡ್ಮಿರಾಲ್ಟಿ ಕಾಯ್ದೆ ಅದನ್ನೇ ಹೇಳುತ್ತದೆ, ಕರ್ನಾಟಕ ಹೈಕೋರ್ಟಿಗೂ ಆ ಅಧಿಕಾರವಿದೆ. ಹಡಗು ಮಂಗಳೂರಿನಲ್ಲಿ ನಿಂತಿದ್ದರೆ ಅದನ್ನು ಬೆಂಗಳೂರಿನ ಕೋರ್ಟಿನಿಂದಲೇ ಜಪ್ತಿ ಮಾಡಿಸಬಹುದಿತ್ತು. ಪರದೇಶದಲ್ಲಿ ವಕೀಲರಿಡಲು ನಮ್ಮಲ್ಲಿ ಯಾರ ಬಳಿಯೂ ಹಣವಿರಲಿಲ್ಲ. ಚೀಫ್ ಸಾಬ್ ಕಾಲು ಕಳೆದುಕೊಂಡು ಮನೆ ಸೇರಿದರು. ಓಣಂಗೆ ಈಗಲೂ ಫೋನ್ ಮಾಡುತ್ತಾರೆ.

ಐಟಿಎಫ್ ಲೆಕ್ಕದ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ 312 ಹಡಗುಗಳ 3,133 ನಾವಿಕರನ್ನು ಹೀಗೆ ಕೈಬಿಟ್ಟರು. ಅದರಲ್ಲಿ 899 ಜನ ಭಾರತೀಯರು, ಬೇರೆ ಯಾವ ದೇಶದವರಿಗಿಂತಲೂ ಹೆಚ್ಚು. ಅದೇ ವರ್ಷ ಅಮೆರಿಕದ ನೌಕಾಪಡೆ ಸಿಬ್ಬಂದಿ ಸಾಲದೆ ತನ್ನ 17 ಬೆಂಬಲ ಹಡಗುಗಳನ್ನು ಬದಿಗೆ ನಿಲ್ಲಿಸಲು ಹೊರಟಿತು. ಬ್ರಿಟನ್ನಿನ ರಾಯಲ್ ಫ್ಲೀಟ್ ಆಕ್ಸಿಲಿಯರಿಯ ನಾವಿಕರು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಬೆಂಬಲ ಹಡಗಿಗೆ ಜನ ಸಿಗುತ್ತಿಲ್ಲ ಎಂದು ದೊಡ್ಡ ದೇಶಗಳು ಚಿಂತೆ ಮಾಡುತ್ತಿವೆ. ಯಾಕೆ ಸಿಗುತ್ತಿಲ್ಲ ಎಂದು ನನ್ನನ್ನು ಕೇಳಿದರೆ ಹೇಳಬಲ್ಲೆ. ತಿಂಗಳುಗಟ್ಟಲೆ ನೀರಿನ ಮೇಲಿರುವವನ ಸಂಬಳವನ್ನು, ಮನೆಗೆ ಬರುವ ದಿನವನ್ನು ಯಾರಾದರೊಬ್ಬರು ತಮ್ಮ ಮಾತಾಗಿ ಹೊತ್ತುಕೊಳ್ಳಬೇಕು. ಗುತ್ತಿಗೆ ಕೊಟ್ಟ ನೌಕಾಪಡೆಯೇ ಸರಪಳಿಯ ಕೊನೆಯವನ ಸಂಬಳ ಸೇರಿದೆಯೇ, ಅವನು ಮನೆಗೆ ಮರಳಿದನೇ ಎಂದು ನೋಡಿದ ಮೇಲೆ ಕೊನೆಯ ಬಿಲ್ ಪಾಸು ಮಾಡಲಿ. ಅಷ್ಟು ಮಾಡಿದ್ದರೆ ನಾವು ಆ ಲಂಗರಿನ ಜಾಗದಲ್ಲಿ ಬೀಳುತ್ತಿರಲಿಲ್ಲ.

ನಾನೀಗ ಭಾವನ ಶೆಡ್ಡಿನಲ್ಲೇ ಕೆಲಸ ಮಾಡುತ್ತೇನೆ. ಹಡಗಿಗೆ ಹೊರಟ ಹುಡುಗರು ಯಾರ್ಯಾರದೋ ಮೂಲಕ ವಿಚಾರಿಸಿಕೊಂಡು ಬರುತ್ತಾರೆ. ಹೋಗಬೇಡಿ ಎನ್ನುವುದಿಲ್ಲ, ಕಡಲು ಒಳ್ಳೆಯ ಬದುಕನ್ನೂ ಕೊಡುತ್ತದೆ. ಏಜೆಂಟರ ಲೈಸೆನ್ಸ್ ನಂಬರನ್ನು ಡಿಜಿ ಶಿಪ್ಪಿಂಗ್ ಪಟ್ಟಿಯಲ್ಲಿ ಜೊತೆಗೆ ಕೂತು ನೋಡುತ್ತೇನೆ. ಹಡಗಿನ ಐಎಂಒ ನಂಬರ್ ಕೇಳಿ ಅದರ ಈಗಿನ ಮಾಲೀಕರು ಯಾರೆಂದು ಹುಡುಕುತ್ತೇವೆ. ಹತ್ತಿದ ದಿನವೇ ಮೆಸ್ ರೂಮಿನ ವಿಮೆ ಸರ್ಟಿಫಿಕೇಟಿನ ಫೋಟೊ ತೆಗೆದು ಮನೆಗೆ ಕಳಿಸು ಎನ್ನುತ್ತೇನೆ. ಹಡಗು ಮಾರಾಟವಾದರೆ ಹೊಸ ಮಾಲೀಕನ ಸಹಿ ಇರುವ ಹೊಸ ಒಪ್ಪಂದ ಕೊಡಿ, ಇಲ್ಲವಾದರೆ ಇಳಿಸಿ ಎಂದು ಬರಹದಲ್ಲಿ ಕೇಳಬೇಕು ಎನ್ನುತ್ತೇನೆ.

ಹೋದ ತಿಂಗಳು ನಂಜನಗೂಡಿನ ಹುಡುಗನೊಬ್ಬ ಬಂದ. ಬಂದರಿನ ಸರಬರಾಜು ಹಡಗು, ನೌಕಾಪಡೆಯ ಕೆಲಸ, ಸಂಬಳ ಚೆನ್ನಾಗಿದೆ ಅಣ್ಣ ಎಂದ. ಒಪ್ಪಂದದಲ್ಲಿ ಮಾಲೀಕರ ಹೆಸರಿನ ಜಾಗದಲ್ಲಿ ಮ್ಯಾನೇಜ್‌ಮೆಂಟ್ ಕಚೇರಿಯ ವಿಳಾಸವಷ್ಟೇ ಇತ್ತು. ನನ್ನ ಎದುರೇ ಅವನಿಂದ ಏಜೆಂಟರಿಗೆ ಫೋನ್ ಮಾಡಿಸಿದೆ, ಮಾಲೀಕರ ಹೆಸರು ಬರೆದು ಕಳಿಸಿ ಎಂದ. ಕೇಳಿ ಹೇಳುತ್ತೇವೆ ಎಂದರು. ಅವನ ಮೆಡಿಕಲ್ ಆಗಿದೆ, ಹೊರಡುವ ತಾರೀಖೂ ಬಂದಿದೆ. ಹೆಸರು ಇನ್ನೂ ಬಂದಿಲ್ಲ. ಅದು ಬರುವವರೆಗೆ ಸಹಿ ಹಾಕಬೇಡ ಎಂದು ಅವನಿಗೂ ಹೇಳಿದ್ದೇನೆ, ಅವನ ತಾಯಿಗೂ ಹೇಳಿ ಬಂದಿದ್ದೇನೆ.